ಕ್ರೋಮೈಟ್ ಹರಳಿನ ಹಟ

ಹೈದರಾಬಾದಿನ ಮಿಯಾಪುರದಲ್ಲಿ ಮೆಟ್ರೊ ಹತ್ತಿ ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸಿದರೆ, ನಾಗೋಲ್ ಕಡೆ ಹೋಗುವಾಗ ಎನ್‌ಜಿಆರ್‌ಐ ಎಂಬ ನಿಲ್ದಾಣ ಸಿಗುತ್ತದೆ. ಆ ನಿಲ್ದಾಣಕ್ಕೆ ಹೆಸರು ಕೊಟ್ಟ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿದ ಮಣ್ಣುಗಳಲ್ಲಿ ನಮ್ಮ ಹಾಸನ ಜಿಲ್ಲೆಯದೂ ಇದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಸೀಮೆಯ ಕ್ರೋಮೈಟ್ ಗಣಿಗಳ ಸುತ್ತ ಕ್ರೋಮಿಯಂ, ನಿಕಲ್, ಕೋಬಾಲ್ಟ್ ಮಿತಿ ಮೀರಿರುವುದನ್ನು ಅವರು ದಾಖಲಿಸಿದ್ದಾರೆ.

ನುಗ್ಗೇಹಳ್ಳಿ ಎಂದರೆ ನಮಗೆ ನೆನಪಾಗುವುದು 1246ರ ಲಕ್ಷ್ಮೀನರಸಿಂಹ ದೇವಾಲಯ. ಅದೇ ಸೀಮೆಯ ಬೈರಾಪುರದಲ್ಲಿ ಮೈಸೂರ್ ಮಿನರಲ್ಸ್ ಕಂಪನಿ ನೆಲದಡಿಯಿಂದ ಕ್ರೋಮೈಟ್ ತೆಗೆಯುತ್ತಿತ್ತು. ದೇಶದ ಕ್ರೋಮೈಟಿನಲ್ಲಿ ಶೇ 90ಕ್ಕೂ ಹೆಚ್ಚು ಒಡಿಶಾದಲ್ಲಿದೆ. ನಮ್ಮದು ಚಿಕ್ಕ ಪಾಲು.

ಈ ಅದಿರು ಫೆರೊಕ್ರೋಮ್ ಎಂಬ ಕಬ್ಬಿಣ-ಕ್ರೋಮಿಯಂ ಮಿಶ್ರಲೋಹವಾಗಿ, ಅದು ಉಕ್ಕಿಗೆ ಬೆರೆತು ಅಡುಗೆಮನೆಯ ಸ್ಟೀಲ್ ಪಾತ್ರೆಯಾಗುತ್ತದೆ. ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಶೇ 18ರಷ್ಟು ಕ್ರೋಮಿಯಂ. ಅದಿರಿಗೆ ಕೋಕ್ ಸೇರಿಸಿ ವಿದ್ಯುತ್ ಕುಲುಮೆಯಲ್ಲಿ ಕಾಯಿಸುವ ಈ ಅಪಕರ್ಷಣದ, ಎಂದರೆ ಅದಿರಿನಿಂದ ಆಮ್ಲಜನಕ ಕಳೆಯುವ, ದಾರಿಯನ್ನು 1893ರಲ್ಲೇ ಫ್ರಾನ್ಸಿನ ಆಂರಿ ಮೊಯಿಸಾನ್ ತೋರಿಸಿದ್ದ. ಇಂದಿಗೂ ಅದೇ ದಾರಿ. ಒಂದು ಟನ್ ಫೆರೊಕ್ರೋಮಿಗೆ 3,000ದಿಂದ 4,000 ಯೂನಿಟ್ ವಿದ್ಯುತ್ ಬೇಕು.

ಇಷ್ಟು ಖರ್ಚೇಕೆ? ಅದಿರಿನ ಅರ್ಧ ಬೆಂದ ಒಂದು ಕಾಳನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಕಾರಣ ಕಾಣುತ್ತದೆ. ಅಂಚಿನಲ್ಲಿ ಬೆಳ್ಳಗೆ ಮಿನುಗುವ ಲೋಹದ ಚುಕ್ಕಿಗಳು; ನಡುವೆ ಏನೂ ಆಗದ ಬೂದು ಅದಿರು. ಅದಿರಿನಲ್ಲಿರುವ ಕಬ್ಬಿಣ ಬೇಗ ಸೋಲುತ್ತದೆ, ಕ್ರೋಮಿಯಂ ಆಮ್ಲಜನಕವನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಲೋಹ ಹೊರಬಿದ್ದಂತೆಲ್ಲ ಹಿಂದೆ ಉಳಿದ ಮೆಗ್ನೀಸಿಯಂ-ಅಲ್ಯೂಮಿನಿಯಂ ಆಕ್ಸೈಡ್ ಗಟ್ಟಿ ಕವಚವಾಗುತ್ತದೆ. ಒಳಗಿನ ಕ್ರೋಮಿಯಂ ಆ ಕವಚವನ್ನು ದಾಟಿಯೇ ಬರಬೇಕು. ದಾಟಲಾರದ್ದು ಕಿಟ್ಟದೊಂದಿಗೆ ಹೊರಹೋಗುತ್ತದೆ.

ಕಬ್ಬಿಣದ ಅದಿರಿಗೆ ಕೋಕಿನ ಇಂಗಾಲದ ಬದಲು ಹೈಡ್ರೋಜನ್ ತರುವ ಮಾತು ಈಗ ಜೋರಾಗಿದೆ. ಕ್ರೋಮಿಯಮ್ಮಿಗೆ ಅದು ಸುಲಭದ್ದಲ್ಲ. ಸದ್ಯಕ್ಕೆ ಇಂಗಾಲವೇ ಗತಿ. ಹಾಗಾಗಿ ಉಳಿತಾಯವನ್ನು ಹುಡುಕಬೇಕಾದದ್ದು ಕುಲುಮೆಗೆ ಹಾಕುವ ಮುಂಚೆ. ಅದಿರನ್ನೂ ಕೋಕನ್ನೂ ನುಣ್ಣಗೆ ಅರೆದು, ಒಟ್ಟಿಗೆ ಉಂಡೆ ಕಟ್ಟಿ, ಸುತ್ತುವ ಗೂಡಿನಲ್ಲಿ ಸುಟ್ಟರೆ ಅರ್ಧಕ್ಕೂ ಹೆಚ್ಚು ಕೆಲಸ ಅಲ್ಲೇ ಮುಗಿಯುತ್ತದೆ. ವಿದ್ಯುತ್ ಖರ್ಚು ಗಣನೀಯವಾಗಿ ಇಳಿಯುತ್ತದೆ. ಜಪಾನ್, ದಕ್ಷಿಣ ಆಫ್ರಿಕಾಗಳು ಇದನ್ನು ದೊಡ್ಡ ಪ್ರಮಾಣದಲ್ಲೇ ಮಾಡಿ ತೋರಿಸಿವೆ. ಕೆನಡಾದ ಸರ್ಕಾರಿ ಪ್ರಯೋಗಾಲಯದ್ದು ಇನ್ನೂ ಜಾಣ ಉಪಾಯ: ಉಂಡೆಗೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುವುದು. ಸುಮಾರು 1,300 ಡಿಗ್ರಿ ಶಾಖದಲ್ಲಿ, ಕರಗಿದ ಸ್ಥಿತಿಯಲ್ಲಿರುವ ಆ ಲವಣ ಕ್ರೋಮಿಯಮ್ಮನ್ನು ಹೊತ್ತೊಯ್ದು ಇಂಗಾಲದ ಕಣಕ್ಕೇ ಮುಟ್ಟಿಸುತ್ತದೆ. ಲೋಹ ಮೂಡುವುದು ಅಲ್ಲಿ. ಕ್ಲೋರೈಡ್ ಯಂತ್ರಗಳನ್ನು ತಿನ್ನುತ್ತದೆ ಎಂಬ ತಕರಾರು ಮಾತ್ರ ಇದ್ದೇ ಇದೆ.

ಉಂಡೆ ಕಟ್ಟುವ ವಿದ್ಯೆಯ ದೊಡ್ಡ ಲಾಭ ಪುಡಿ ಅದಿರಿಗೆ. ಪುಡಿಯನ್ನು ಹಾಗೇ ಸುರಿದರೆ ಕುಲುಮೆಯಲ್ಲಿ ಅನಿಲ ಮೇಲೇಳಲು ದಾರಿಯಿರುವುದಿಲ್ಲ. ಗಣಿ ಬಳಿಯ ಪುಡಿ ಅದಿರಿನ ರಾಶಿಗಳತ್ತ ಲೋಹತಜ್ಞರು ಆಸೆಗಣ್ಣಿನಿಂದ ನೋಡುವುದು ಇದಕ್ಕೇ. ಆದರೆ ಅವನ್ನು ಅಗೆದು ಅರೆಯುವಾಗ ಏಳುವ ಧೂಳು, ಮಳೆಯಲ್ಲಿ ಹರಿದು ಹೊಲಕ್ಕಿಳಿಯುವ ನೀರು ಯಾರ ಪಾಲಿಗೆ? ನುಗ್ಗೇಹಳ್ಳಿ ಸೀಮೆಯ ರಾಶಿಗಳಿಗೆ ಕೈ ಹಾಕುವವರು ಮೊದಲು ಸುತ್ತಲಿನ ಹೊಲ, ಬಾವಿಗಳ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಕನ್ನಡದಲ್ಲೇ ಅಂಟಿಸಲಿ.