ಯುದ್ಧ ಬಿಟ್ಟುಹೋದ ಪ್ರಾಣಿಗಳಿಗೆ ಆಸರೆ: ಕೈರೋದಿಂದ ಕಾಬೂಲ್‌ವರೆಗೆ

ಯುದ್ಧದಲ್ಲಿ ಗಾಯಗೊಂಡ ಪ್ರಾಣಿಗೆ ಮದ್ದು ಹಾಕುವುದು ಹಳೆಯ ಪದ್ಧತಿ. ಯುದ್ಧಕ್ಕೆ ಬೇಡವಾದ ಪ್ರಾಣಿಗೆ ಆಸರೆ ಕೊಡುವುದು ಹೊಸತು. ಬ್ರಿಟನ್ನಿನ ಬ್ಲೂ ಕ್ರಾಸ್ ನಿಧಿ 1912ರಲ್ಲಿ ಬಾಲ್ಕನ್ ಯುದ್ಧದ ಕುದುರೆಗಳಿಗಾಗಿ ಹುಟ್ಟಿತು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿಯೂ ಅದರ ಆಸ್ಪತ್ರೆಗಳು ನಡೆದವು. ಅಲ್ಲಿ ಚೇತರಿಸಿಕೊಂಡ ಕುದುರೆ ಮತ್ತೆ ಫಿರಂಗಿ ಎಳೆಯಲು ಹೋಗಬೇಕಿತ್ತು. ದಂಡು ಊರಿಗೆ ಮರಳಿದ ಮೇಲೆ ಹಿಂದೆ ಉಳಿದ ಕುದುರೆಗಳ ಪಾಡೇನು ಎಂಬ ಪ್ರಶ್ನೆಯಿಂದ ಆಸ್ಪತ್ರೆಯೊಂದು ಎದ್ದು ನಿಂತದ್ದು 1934ರಲ್ಲಿ, ಈಜಿಪ್ಟಿನ ಕೈರೋ ನಗರದಲ್ಲಿ.

ಆ ಕುದುರೆಗಳು ದುಡಿದ ಯುದ್ಧದಲ್ಲಿ ಇಂದಿನ ಕರ್ನಾಟಕದ ಎರಡು ಭಾಗಗಳ ಪಾಲಿದೆ. ಕಲಬುರಗಿ ಸೀಮೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಬ್ರಿಟಿಷರ ಪರವಾಗಿ ಹೋರಾಡಿದ 15ನೇ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡಿನಲ್ಲಿ ಹೈದರಾಬಾದ್, ಮೈಸೂರು, ಜೋಧಪುರ ಸಂಸ್ಥಾನಗಳ ಲ್ಯಾನ್ಸರ್ ಪಡೆಗಳಿದ್ದವು. ಸೂಯೆಜ್ ಕಾಲುವೆಯ ಕಾವಲಿನಿಂದ ಆರಂಭವಾದ ಅವರ ಸೇವೆ ಪ್ಯಾಲೆಸ್ಟೈನ್‌ವರೆಗೆ ನಡೆಯಿತು. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಸವಾರರು ಭರ್ಜಿ ಹಿಡಿದು, ಮೆಷಿನ್‌ಗನ್ ಗುಂಡುಗಳ ನಡುವೆಯೇ ನುಗ್ಗಿ ಹೈಫಾ ಪಟ್ಟಣವನ್ನು ಗೆದ್ದರು. ಸೆರೆ ಸಿಕ್ಕವರನ್ನು ಸಾಗಿಸುವ ಹೊಣೆ ಹೈದರಾಬಾದ್ ಪಡೆಗೆ ಬಿದ್ದಿತ್ತು. ಆ ಒಂದೇ ದಿನ ಸತ್ತ ಸವಾರರು 8 ಮಂದಿ, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳ ಸೈನಿಕರವು. ಕುದುರೆಗಳಿಗೆ ಅಲ್ಲಿ ಜಾಗವಿಲ್ಲ.

ಯುದ್ಧ ಮುಗಿದಾಗ ಬ್ರಿಟಿಷ್ ಸೇನೆಯ ಬಳಿ ಆ ಪ್ರದೇಶದಲ್ಲಿ ಸಾವಿರಾರು ಕುದುರೆಗಳಿದ್ದವು. ಹಡಗು ಹತ್ತಿಸಿ ತವರಿಗೆ ಕಳಿಸುವುದು ದುಬಾರಿ ಬಾಬತ್ತು. ಹಲವನ್ನು ಗುಂಡಿಟ್ಟು ಕೊಂದರು, ಹಲವನ್ನು ಸ್ಥಳೀಯರಿಗೆ ಮಾರಿದರು. ಮಾರಾಟವಾದವು ಕೈರೋದ ಗಾಡಿಗಳಿಗೂ ಕಲ್ಲುಗಣಿಗಳಿಗೂ ಸೇರಿ ವರ್ಷಗಟ್ಟಲೆ ಭಾರ ಎಳೆದವು.

1930ರಲ್ಲಿ ಡೊರೊಥಿ ಬ್ರೂಕ್ ಕೈರೋಗೆ ಬಂದರು. ಪತಿ ಜೆಫ್ರಿ ಬ್ರೂಕ್ ಅಲ್ಲಿನ ಬ್ರಿಟಿಷ್ ಅಶ್ವದಳದ ಅಧಿಕಾರಿ. ಬೀದಿಯಲ್ಲಿ ಎಲುಬು ಕಾಣುವಂತೆ ಸೊರಗಿದ, ಮೈಮೇಲೆ ಸೇನೆಯ ಬಾಣದ ಮುದ್ರೆ ಇನ್ನೂ ಉಳಿದಿದ್ದ ಕುದುರೆಗಳು ಅವರ ಕಣ್ಣಿಗೆ ಬಿದ್ದವು. ಯುದ್ಧ ನಿಂತು ಹನ್ನೆರಡು ವರ್ಷ ಕಳೆದಿದ್ದರೂ ಅವುಗಳ ದುಡಿಮೆ ನಿಂತಿರಲಿಲ್ಲ. 1931ರ ಏಪ್ರಿಲ್‌ನಲ್ಲಿ ಲಂಡನ್ನಿನ ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆಗೆ ಅವರು ಬರೆದ ಪತ್ರ ಅಚ್ಚಾಯಿತು. ಓದುಗರು ಹಣ ಕಳಿಸಿದರು. ಮೂರು ವರ್ಷಗಳಲ್ಲಿ ಡೊರೊಥಿ ಸುಮಾರು 5,000 ಕುದುರೆಗಳನ್ನು ಕೊಂಡರು.

ಈ ಕೆಲಸದ ಅತಿ ಕಷ್ಟದ ಭಾಗ ಕೊಂಡ ನಂತರದ್ದು. ಬಹುಪಾಲು ಕುದುರೆಗಳು ಮುದಿಯಾಗಿ, ಕುಂಟಾಗಿ, ಚಿಕಿತ್ಸೆಗೆ ಬಗ್ಗದ ಸ್ಥಿತಿಯಲ್ಲಿದ್ದವು. ಅವಕ್ಕೆ ಹೊಟ್ಟೆ ತುಂಬ ಮೇವು, ಮಲಗಲು ಮೆತ್ತನೆ ಹುಲ್ಲು, ಒಂದಿಷ್ಟು ವಿಶ್ರಾಂತಿ ಕೊಟ್ಟು ನೋವಿಲ್ಲದಂತೆ ಜೀವ ತೆಗೆಯಲಾಗುತ್ತಿತ್ತು. ಸಾಯಿಸಲೆಂದೇ ಕೊಳ್ಳುವುದು ಎಂಥ ರಕ್ಷಣೆ ಎಂಬ ಆಕ್ಷೇಪಕ್ಕೆ ಆ ಕುದುರೆಗಳ ಸ್ಥಿತಿಯೇ ಉತ್ತರ; ಕೊಳ್ಳದೆ ಬಿಟ್ಟಿದ್ದರೆ ಅವು ನೊಗದಲ್ಲೇ ಬಿದ್ದು ಸಾಯುತ್ತಿದ್ದವು. ಮಾಲೀಕರೂ ಕಡುಬಡವರು, ಆ ದಿನದ ರೊಟ್ಟಿ ಆ ದಿನದ ಬಾಡಿಗೆಯಿಂದಲೇ ಸಂಪಾದಿಸಬೇಕಾದವರು. ಅವರ ಕುದುರೆಯನ್ನು ಕಿತ್ತುಕೊಳ್ಳದೆ ಬೆಲೆ ತೆತ್ತು ಪಡೆದದ್ದು ಡೊರೊಥಿಯವರ ವಿವೇಕ. ಬಡವನ ಪ್ರಾಣಿಯನ್ನು ಉಳಿಸಬೇಕಾದರೆ ಬಡವನನ್ನು ಶತ್ರುವಾಗಿ ಕಾಣಬಾರದೆಂಬ ಈ ನಿಲುವು ಮುಂದೆ ಸಂಸ್ಥೆಯ ಬೆನ್ನೆಲುಬಾಯಿತು. 1934ರಲ್ಲಿ ಅವರು ಆರಂಭಿಸಿದ ಆಸ್ಪತ್ರೆಯ ಹೆಸರಿನಲ್ಲಿ ಹಳೆಯ ಯುದ್ಧಕುದುರೆಗಳ ಸ್ಮರಣೆಯಿತ್ತು. ಆದರೆ ಚಿಕಿತ್ಸೆ, ಅದೂ ಉಚಿತವಾಗಿ, ನಗರದ ದುಡಿಯುವ ಕುದುರೆ, ಕತ್ತೆ, ಹೇಸರಗತ್ತೆಗಳಿಗೆಲ್ಲ ಸಿಗುತ್ತಿತ್ತು. ಡೊರೊಥಿ 1955ರಲ್ಲಿ ಕೈರೋದಲ್ಲೇ ತೀರಿಕೊಂಡರು. ‘ಬ್ರೂಕ್’ ಹೆಸರಿನ ಆ ಸಂಸ್ಥೆ ಇಂದು ಹಲವು ದೇಶಗಳಲ್ಲಿದೆ. ಭಾರತದ ಇಟ್ಟಿಗೆ ಭಟ್ಟಿಗಳ ಕುದುರೆ, ಕತ್ತೆಗಳ ನಡುವೆಯೂ ಕೆಲಸ ಮಾಡುತ್ತಿದೆ.

ಕೈರೋದ ಆಸ್ಪತ್ರೆಗೆ ಒಂದು ಅನುಕೂಲವಿತ್ತು: ಅದು ತೆರೆದದ್ದು ಗುಂಡಿನ ಸದ್ದು ಅಡಗಿದ ಮೇಲೆ. ನಂತರದ ಆಶ್ರಯಧಾಮಗಳಿಗೆ ಆ ಭಾಗ್ಯ ಸಿಗಲಿಲ್ಲ. 1990ರ ದಶಕದ ಆಫ್ಘನ್ ಅಂತರ್ಯುದ್ಧದಲ್ಲಿ ಕಾಬೂಲ್ ಮೃಗಾಲಯವೇ ಕದನದ ಗಡಿರೇಖೆಯಾಯಿತು. ಅಲ್ಲಿನ ಮರ್ಜಾನ್ ಎಂಬ ಸಿಂಹ ಗ್ರೆನೇಡಿಗೆ ಕಣ್ಣು ಕಳೆದುಕೊಂಡು, ಕುರುಡಾಗಿಯೇ ಬದುಕಿ 2002ರ ಜನವರಿಯಲ್ಲಿ ಸತ್ತಿತು. 2006ರಲ್ಲಿ ಹೆಲ್ಮಂಡ್ ಪ್ರಾಂತದ ನೌಜಾದ್ ಪಟ್ಟಣದಲ್ಲಿದ್ದ ಬ್ರಿಟಿಷ್ ಯೋಧ ಪೆನ್ ಫಾರ್ದಿಂಗ್ ನಾಯಿಕಾಳಗವೊಂದನ್ನು ತಡೆದರು. ಅಲ್ಲಿಂದ ಜೊತೆಯಾದ ನಾಯಿಗೆ ಊರಿನ ಹೆಸರೇ ಬಂತು. ಮರುವರ್ಷ ಅದೇ ಹೆಸರಿನ ಸಂಸ್ಥೆ ಕಟ್ಟಿದರು. ಕಾಬೂಲಿನ ಅದರ ಚಿಕಿತ್ಸಾಲಯದಲ್ಲಿ ಆಫ್ಘನ್ ಯುವತಿಯರೂ ಪಶುವೈದ್ಯರಾಗಿ ತರಬೇತಿ ಪಡೆದರು.

2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲ್ ಹಿಡಿದಾಗ ಇಂಥ ಸಂಸ್ಥೆಗಳಿಗೆ ಅತಿ ಕಠಿಣ ಪ್ರಶ್ನೆ ಎದುರಾಯಿತು: ಮೊದಲು ಪಾರುಮಾಡಬೇಕಾದದ್ದು ಯಾರನ್ನು? ಫಾರ್ದಿಂಗ್ 150ಕ್ಕೂ ಹೆಚ್ಚು ನಾಯಿ, ಬೆಕ್ಕುಗಳೊಂದಿಗೆ ಬಾಡಿಗೆ ವಿಮಾನದಲ್ಲಿ ಹೊರಟರು. ಆಫ್ಘನ್ ಸಿಬ್ಬಂದಿಯನ್ನು ವಿಮಾನ ನಿಲ್ದಾಣದ ಆಚೆ ತಡೆಯಲಾಯಿತು. ಅವರು ಮುಂದಿನ ತಿಂಗಳು ಪಾಕಿಸ್ತಾನದ ದಾರಿ ಹಿಡಿದು ಪಾರಾಗಬೇಕಾಯಿತು. ಮನುಷ್ಯರು ಹಿಂದೆ, ಪ್ರಾಣಿಗಳು ಮುಂದೆ ಎಂಬ ಸಿಟ್ಟು ಬ್ರಿಟನ್ನಿನಲ್ಲಿ ಎದ್ದಿತು. ಆ ಸಿಟ್ಟಿನಲ್ಲಿ ನ್ಯಾಯವಿತ್ತು. ಪ್ರಾಣಿಗಳನ್ನು ದಿನವೂ ಸಾಕಿದ ಕೈಗಳು ಆಫ್ಘನ್ನರವು. ಆ ಕೈಗಳಿಲ್ಲದೆ ಧಾಮವೂ ಇಲ್ಲ. ಅದೇ ನಗರದ ‘ಕಾಬೂಲ್ ಸ್ಮಾಲ್ ಅನಿಮಲ್ ರೆಸ್ಕ್ಯೂ’ ಸಂಸ್ಥೆಯ ಸ್ಥಾಪಕಿ, ಅಮೆರಿಕದ ಷಾರ್ಲಟ್ ಮ್ಯಾಕ್ಸ್‌ವೆಲ್ ಜೋನ್ಸ್, ಅಮೆರಿಕನ್ ಪಡೆಗಳು ಹೊರಟ ಮೇಲೂ ಅಲ್ಲೇ ಉಳಿದರು. ಅವರ ಧಾಮದ ಸುಮಾರು 300 ನಾಯಿ, ಬೆಕ್ಕುಗಳು 2022ರ ಫೆಬ್ರುವರಿಯಲ್ಲಿ ಕೆನಡಾದ ವ್ಯಾಂಕೂವರ್ ತಲುಪಿದವು.

ಸಿರಿಯಾದಲ್ಲಿ ಈ ಕೆಲಸ ಊರವರದೇ. ಅಲೆಪ್ಪೊದ ಎಲೆಕ್ಟ್ರಿಷಿಯನ್ ಮೊಹಮ್ಮದ್ ಅಲಾ ಅಲ್‌ಜಲೀಲ್ ಯುದ್ಧದಲ್ಲಿ ಆಂಬುಲೆನ್ಸ್ ಓಡಿಸುತ್ತಲೇ, ಊರು ಬಿಟ್ಟವರ ಬೆಕ್ಕುಗಳಿಗೆ ಉಣಿಸತೊಡಗಿದರು. ಅವರ ಬೆಕ್ಕುಧಾಮ 2016ರ ಬಾಂಬ್ ದಾಳಿಗಳಲ್ಲಿ ನಾಶವಾಯಿತು; ಮರುವರ್ಷ ನಗರದ ಪಶ್ಚಿಮದ ಹಳ್ಳಿಗಾಡಿನಲ್ಲಿ ಮತ್ತೆ ಎದ್ದಿತು. ಸಿಂಹ, ಕರಡಿಗಳಿಗೆ ಇಂಥ ಮನೆಯಂಗಳ ಸಾಲದು. 2017ರಲ್ಲಿ ಇರಾಕಿನ ಮೊಸುಲ್ ಮೃಗಾಲಯದಲ್ಲಿ ಉಳಿದಿದ್ದ ಸಿಂಬಾ ಎಂಬ ಸಿಂಹವನ್ನೂ ಲೂಲಾ ಎಂಬ ಕರಡಿಯನ್ನೂ ‘ಫೋರ್ ಪಾಸ್’ ಸಂಸ್ಥೆಯ ಈಜಿಪ್ಟ್ ಮೂಲದ ಪಶುವೈದ್ಯ ಅಮೀರ್ ಖಲೀಲ್ ಜೋರ್ಡಾನಿಗೆ ಸಾಗಿಸಿದರು. ಅದೇ ವರ್ಷ ಅಲೆಪ್ಪೊದ ‘ಮ್ಯಾಜಿಕ್ ವರ್ಲ್ಡ್’ ಮೃಗಾಲಯದ 13 ಪ್ರಾಣಿಗಳು ಟರ್ಕಿಯ ಮೂಲಕ ಹೊರಬಂದವು.

ಇದಕ್ಕೆಲ್ಲ ಕಾನೂನಿನ ಬೆಂಬಲ ತೆಳು. 1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿದ ಮೊದಲ ಹೆಚ್ಚುವರಿ ಒಪ್ಪಂದದ 54ನೇ ವಿಧಿ ಜಾನುವಾರುಗಳ ನಾಶವನ್ನು ನಿಷೇಧಿಸುತ್ತದೆ. ಬೆಳೆ, ಕುಡಿಯುವ ನೀರಿನಂತೆ ಅವು ನಾಗರಿಕರ ಬದುಕಿಗೆ ಬೇಕೆಂಬ ಕಾರಣಕ್ಕೆ. ಬೆಕ್ಕು, ನಾಯಿ, ಬೋನಿನ ಸಿಂಹ ಆ ಪಟ್ಟಿಯಲ್ಲಿಲ್ಲ. ಹೀಗಾಗಿ ಪ್ರತಿ ಸಾಗಾಟಕ್ಕೂ ಚೆಕ್‌ಪೋಸ್ಟ್‌ಗಳಲ್ಲಿ ಹೊಸ ಅನುಮತಿ, ಗಡಿ ದಾಟಲು ರೇಬೀಸ್ ಲಸಿಕೆಯ ದಾಖಲೆ ಬೇಕು. 2022ರಲ್ಲಿ ಉಕ್ರೇನ್‌ನಿಂದ ಮರಳುತ್ತಿದ್ದ ಭಾರತೀಯ ವಿದ್ಯಾರ್ಥಿಗಳು ಸಾಕಿದ ನಾಯಿ, ಬೆಕ್ಕುಗಳನ್ನು ಬಿಟ್ಟುಬರಲು ಒಪ್ಪದಿದ್ದಾಗ ಕೇಂದ್ರದ ಪಶುಸಂಗೋಪನಾ ಇಲಾಖೆ ಆಮದು ನಿಯಮಗಳನ್ನು ಆ ಒಂದು ಸಲಕ್ಕೆ ಸಡಿಲಿಸಿತು.