ಕತ್ತಲ ಜಾಲ: ಭಯವೆಷ್ಟು, ನಿಜವೆಷ್ಟು?

ಸಂಘದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಎಂದಿನಂತೆ ಹಿರಿಯ ನಾಗರಿಕರ ಠೇವಣಿ, ನಾಮನಿರ್ದೇಶನ, ಆದಾಯ ತೆರಿಗೆ ಇವುಗಳಲ್ಲೊಂದನ್ನು ಕುರಿತು ನಾಲ್ಕು ಮಾತು ಬರೆದರಾಯಿತೆಂದುಕೊಂಡಿದ್ದೆ. ರಕ್ತದೊತ್ತಡ, ಮಧುಮೇಹ, ಮಂಡಿನೋವುಗಳ ಬಗ್ಗೆ ನಮ್ಮ ವೈದ್ಯ ಮಹನೀಯರು ಬರೆಯುವ ಈ ಪುಟಗಳಲ್ಲಿ ಬ್ಯಾಂಕಿನವನಿಗೆ ಅದಕ್ಕಿಂತ ಹೆಚ್ಚಿನ ಸ್ಥಾನವನ್ನು ಓದುಗರೂ ನಿರೀಕ್ಷಿಸಲಾರರು. ಆದರೆ ಕಳೆದ ಮಳೆಗಾಲದಲ್ಲಿ ನಮ್ಮ ಶಾಖೆಯಲ್ಲಿ ನಡೆದ ಸಂಗತಿಯೊಂದು ನನ್ನ ವಿಷಯವನ್ನೇ ಬದಲಾಯಿಸಿಬಿಟ್ಟಿತು.

ಧಾರವಾಡದ ಕಡೆಯವರು, ಕೇಂದ್ರ ಸರಕಾರದ ಸೇವೆಯಿಂದ ನಿವೃತ್ತರಾಗಿ ಡೊಂಬಿವಲಿಯಲ್ಲಿ ನೆಲೆಸಿದ ಹಿರಿಯರೊಬ್ಬರು, ಅಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನನ್ನ ಮೇಜಿನ ಮುಂದೆ ಬಂದು ನಿಂತರು. ಕೈಯಲ್ಲಿ ಮೂರು ಠೇವಣಿ ರಸೀದಿಗಳು. "ಸಾಹೇಬ್ರ, ಇವು ಮೂರೂ ಮುರದು ಈ ಖಾತೆಗೆ ಹಾಕ್ರಿ. ಇವತ್ತ ಆಗಬೇಕು," ಎಂದರು. ಒಟ್ಟು 18 ಲಕ್ಷ ರೂಪಾಯಿ. ಖಾತೆ ಯಾರದೆಂದು ಕೇಳಿದರೆ ಉತ್ತರವಿಲ್ಲ. ಅಂಗಿಯ ಜೇಬಿನಲ್ಲಿದ್ದ ಮೊಬೈಲಿನ ದೀಪ ಉರಿಯುತ್ತಲೇ ಇತ್ತು. ಆಚೆಯಿಂದ ಯಾರೋ ನಮ್ಮ ಮಾತನ್ನು ಆಲಿಸುತ್ತಿದ್ದರು. ಹಣ ತುಂಬುವ ಚೀಟಿಯೊಂದರ ಬೆನ್ನಿಗೆ "ಯಾರು?" ಎಂದು ಬರೆದು ಅವರತ್ತ ಸರಿಸಿದೆ. ನಡುಗುವ ಕೈಯಿಂದ ಅವರು ಕೆಳಗೆ ಬರೆದರು: "ಪೊಲೀಸ್. ನನ್ನ ಆಧಾರ ಡಾರ್ಕ್ ವೆಬ್ಬಿನಾಗ ಸಿಕ್ಕದ."

ಮೊಬೈಲನ್ನು ಪಡೆದು ಆರಿಸಿದೆ. ಅವರ ಆಧಾರ್ ಸಂಖ್ಯೆಯನ್ನು 'ಕತ್ತಲ ಜಾಲ'ದಲ್ಲಿ ಯಾರೋ ಕೊಂಡು, ಅದೇ ಹೆಸರಿನಲ್ಲಿ ಮಾದಕ ದ್ರವ್ಯ ತರಿಸಿದ್ದಾರೆಂದೂ, ಹಣವನ್ನೆಲ್ಲ 'ತಪಾಸಣೆ'ಗಾಗಿ ಒಂದು ಖಾತೆಗೆ ಕಳುಹಿಸದಿದ್ದರೆ ಸೆರೆಮನೆಯೆಂದೂ ಎರಡು ದಿನಗಳಿಂದ ವೀಡಿಯೊ ಕರೆಯಲ್ಲಿ ಹೆದರಿಸುತ್ತಿದ್ದರಂತೆ.

ನಾನು ಆ ಪ್ರಶ್ನೆ ಕೇಳಿದ್ದು ಜಾಣತನದಿಂದಲ್ಲ. ಹಿಂದಿನ ವರ್ಷ ನಿವೃತ್ತ ಶಿಕ್ಷಕಿಯೊಬ್ಬರು ಇದೇ ರೀತಿ ಅವಸರದಲ್ಲಿ ಬಂದು, ಮೊಮ್ಮಗಳ ಕಾಲೇಜು ಪ್ರವೇಶಕ್ಕೆಂದು ಹೇಳಿ 6 ಲಕ್ಷ ವರ್ಗಾಯಿಸಿದ್ದರು. ಸಹಿ ಸರಿಯಿತ್ತು, ಖಾತೆಯಲ್ಲಿ ಹಣವಿತ್ತು. ನಾನು ಮುದ್ರೆಯೊತ್ತಿ ಕೊಟ್ಟೆ. ನಿಯಮದಂತೆ ತಪ್ಪೇನೂ ಇರಲಿಲ್ಲ. ನಾಲ್ಕನೆಯ ದಿನ ಅವರ ಮಗ ಬಂದಾಗಲೇ ನಿಜ ತಿಳಿದದ್ದು. ಆ ತಾಯಿ ಮತ್ತೆ ನಮ್ಮ ಶಾಖೆಯ ಮೆಟ್ಟಿಲು ಹತ್ತಲಿಲ್ಲ.

ಅಂದಿನಿಂದ ಈ ಕತ್ತಲ ಜಾಲವೆಂದರೇನೆಂದು ಓದತೊಡಗಿದೆ. ನಾನು ವಾಣಿಜ್ಯ ಪದವೀಧರ. ಗಣಕಯಂತ್ರ ಶಾಸ್ತ್ರದಲ್ಲಿ ಪಂಡಿತನಲ್ಲ. ಆದರೆ ಇದು ಹೊರಗಿನಿಂದ ಕಾಣುವಷ್ಟು ಗಹನವಾದ ವಿಷಯವೂ ಅಲ್ಲ.

ಮೊದಲನೆಯ ಗೊಂದಲ ಹೆಸರಿನದು. ಸಮುದ್ರದಲ್ಲಿ ತೇಲುವ ಮಂಜುಗಡ್ಡೆಯ ಚಿತ್ರವನ್ನು ನೀವೂ ನೋಡಿರಬಹುದು: ನೀರಿನ ಮೇಲಿನ ತುದಿಯೇ ನಾವು ಕಾಣುವ ಅಂತರ್ಜಾಲ, ಕೆಳಗಿನ ಪರ್ವತವೆಲ್ಲ ಕತ್ತಲೆಯ ಲೋಕ ಎಂದು ಅದರಲ್ಲಿ ಬರೆದಿರುತ್ತದೆ. ಇದು ಶುದ್ಧ ತಪ್ಪು. ಬ್ಯಾಂಕಿನ ಸಭಾಂಗಣಕ್ಕೆ ಯಾರು ಬೇಕಾದರೂ ಬರಬಹುದು. ಗೋಡೆಯ ಮೇಲಿನ ಬಡ್ಡಿದರದ ಫಲಕವನ್ನು ಯಾರು ಬೇಕಾದರೂ ಓದಬಹುದು. ಆದರೆ ಕೌಂಟರಿನ ಹಿಂದಿರುವ ಖಾತೆ ಪುಸ್ತಕಗಳು ಆಯಾ ಖಾತೆದಾರನಿಗೆ ಮಾತ್ರ. ಅಂತರ್ಜಾಲದಲ್ಲಿಯೂ ಗೂಗಲ್ಲಿನಂತಹ ಶೋಧಕ ಯಂತ್ರಗಳಿಗೆ ಸಿಕ್ಕುವುದು ಸಭಾಂಗಣ ಮಾತ್ರ. ನಿಮ್ಮ ಮಿಂಚಂಚೆ, ನಿಮ್ಮ ಖಾತೆಯ ಪುಟ, ಆಸ್ಪತ್ರೆಯಲ್ಲಿರುವ ನಿಮ್ಮ ರಕ್ತಪರೀಕ್ಷೆಯ ವರದಿ, ಇವೆಲ್ಲ ಕೌಂಟರಿನ ಹಿಂದಿನ ಸರಕು. ಇದಕ್ಕೆ 'ಡೀಪ್ ವೆಬ್', ಅಂದರೆ ಆಳದ ಜಾಲ, ಎಂದು ಹೆಸರು. ಮೈಕೆಲ್ ಬರ್ಗ್‌ಮನ್ ಎಂಬವರು 2001ರಲ್ಲಿ ಈ ಆಳದ ಜಾಲವು ಮೇಲಿನದಕ್ಕಿಂತ 400ರಿಂದ 550 ಪಟ್ಟು ದೊಡ್ಡದೆಂದು ಅಂದಾಜು ಮಾಡಿದರು. ಅವರ ಪಟ್ಟಿಯ ಅಗ್ರಸ್ಥಾನದಲ್ಲಿದ್ದುದು ಅಮೆರಿಕದ ಹವಾಮಾನ ದಾಖಲೆಗಳು ಮತ್ತು ಬಾಹ್ಯಾಕಾಶ ಸಂಸ್ಥೆಯ ಮಾಹಿತಿ ಭಂಡಾರ! ಈ ಲೆಕ್ಕವನ್ನೇ ಯಾರೋ ಕತ್ತಲ ಜಾಲದ ತಲೆಗೆ ಕಟ್ಟಿದರು. ಮಳೆಯ ಅಂಕಿ ಅಂಶಗಳು ಕಳ್ಳಸಂತೆಯಾದುದು ಹೀಗೆ.

ನಿಜವಾದ 'ಡಾರ್ಕ್ ವೆಬ್' ಅತಿ ಸಣ್ಣ ಓಣಿ. ಅದರ ಬಹುಪಾಲು 'ಟಾರ್' ಎಂಬ ವ್ಯವಸ್ಥೆಯ ಮೇಲೆ ನಿಂತಿದೆ. ಅದು ನಡೆಯುವ ಬಗೆಯನ್ನು ನಮ್ಮ ಟಪ್ಪಾಲಿನ ಉದಾಹರಣೆಯಿಂದ ಹೇಳಬಹುದು. ನಾನು ಮುಂಬಯಿಯಿಂದ ಹುಬ್ಬಳ್ಳಿಗೆ ಒಂದು ಪತ್ರ ಬರೆಯಬೇಕು; ಆದರೆ ಬರೆದವನು ನಾನೆಂದು ಯಾರಿಗೂ ತಿಳಿಯಬಾರದು. ಪತ್ರವನ್ನು ಹುಬ್ಬಳ್ಳಿಯ ವಿಳಾಸದ ಲಕೋಟೆಯಲ್ಲಿಟ್ಟು, ಅದನ್ನು ಬೆಳಗಾವಿಯ ಪರಿಚಿತರ ಲಕೋಟೆಯೊಳಗೆ, ಅದನ್ನು ಮಿರಜದವರ ಲಕೋಟೆಯೊಳಗೆ, ಅದನ್ನು ಪುಣೆಯವರ ಲಕೋಟೆಯೊಳಗೆ ಇಟ್ಟು ಅಂಚೆಗೆ ಹಾಕುತ್ತೇನೆ. ಪ್ರತಿಯೊಬ್ಬರೂ ತಮ್ಮ ಲಕೋಟೆಯನ್ನಷ್ಟೇ ಒಡೆದು ಒಳಗಿನದನ್ನು ಮುಂದೆ ಕಳುಹಿಸುತ್ತಾರೆ. ಪುಣೆಯವರಿಗೆ ನಾನು ಗೊತ್ತು, ಹುಬ್ಬಳ್ಳಿ ಗೊತ್ತಿಲ್ಲ. ಬೆಳಗಾವಿಯವರಿಗೆ ಹುಬ್ಬಳ್ಳಿ ಗೊತ್ತು, ನಾನು ಗೊತ್ತಿಲ್ಲ. ಒಂದರೊಳಗೊಂದು ಸಿಪ್ಪೆಯಿರುವುದರಿಂದ ಇದಕ್ಕೆ ಈರುಳ್ಳಿಯ ಹೆಸರು. ಇಂತಹ ತಾಣಗಳ ವಿಳಾಸದ ಕೊನೆಯಲ್ಲಿಯೂ 'ಆನಿಯನ್' ಎಂದೇ ಇರುತ್ತದೆ.

ಇದನ್ನು ಕಂಡುಹಿಡಿದವರು ಕಳ್ಳರೆಂದು ತಿಳಿದವರು ಬಹಳ. ವಾಸ್ತವದಲ್ಲಿ 1990ರ ದಶಕದ ನಡುವೆ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಪಾಲ್ ಸೈವರ್ಸನ್, ಡೇವಿಡ್ ಗೋಲ್ಡ್‌ಶ್ಲಾಗ್, ಮೈಕೆಲ್ ರೀಡ್ ಎಂಬ ಮೂವರು ಇದರ ಮೂಲ ವಿಧಾನವನ್ನು ರೂಪಿಸಿದರು. 2002ರಲ್ಲಿ ಟಾರ್ ಹೊರಬಂತು. ನೌಕಾಪಡೆಯ ಗುಟ್ಟಿನ ವಿದ್ಯೆ ಜನಸಾಮಾನ್ಯರ ಕೈಗೇಕೆ ಬಂತು? ಸಂತೆಯಲ್ಲಿ ಒಬ್ಬನೇ ಮುಸುಕು ಹಾಕಿಕೊಂಡು ನಡೆದರೆ ಅವನೇ ಗೂಢಚಾರನೆಂದು ಮಕ್ಕಳೂ ಹೇಳಬಲ್ಲರು. ನೂರಾರು ಜನ ಮುಸುಕು ಹಾಕಿದಾಗಲೇ ಮುಸುಕಿಗೆ ಬೆಲೆ. ಕಾರಣ ಇಷ್ಟೇ.

ಆದುದರಿಂದ ಅಲ್ಲಿಗೆ ಹೋಗುವವರೆಲ್ಲ ದುಷ್ಟರಲ್ಲ. ಫೇಸ್‌ಬುಕ್ 2014ರಲ್ಲಿಯೂ, ಬಿ.ಬಿ.ಸಿ. ವಾರ್ತಾ ವಿಭಾಗ 2019ರಲ್ಲಿಯೂ ಅಲ್ಲಿ ತಮ್ಮ ಬಾಗಿಲು ತೆರೆದವು. ಸುದ್ದಿಗೆ ತಡೆಯಿರುವ ದೇಶಗಳ ಜನರೂ ಓದಲೆಂಬುದು ಬಿ.ಬಿ.ಸಿ.ಯ ಉದ್ದೇಶ. ಅಮೆರಿಕದ ಗುಪ್ತಚರ ಸಂಸ್ಥೆ ಸಿ.ಐ.ಎ. ಕೂಡ 2019ರಲ್ಲಿ ಅಲ್ಲೊಂದು ಅಂಗಡಿ ಇಟ್ಟಿತು. ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಟಾರ್ ಬಳಕೆಯನ್ನೇ ಅಪರಾಧವೆನ್ನುವುದಿಲ್ಲ. ಆದರೆ ಮಕ್ಕಳ ಅಶ್ಲೀಲ ಚಿತ್ರಗಳನ್ನು ಹುಡುಕುವುದು, ನೋಡುವುದು 67ಬಿ ಕಲಮಿನಂತೆ ಅಪರಾಧ. ಮುಂಬಾಗಿಲಿನಿಂದ ಹೋದರೂ ಸರಿ, ಹಿಂಬಾಗಿಲಿನಿಂದ ಹೋದರೂ ಸರಿ. ಮನೆಯಲ್ಲಿ ಕುತೂಹಲದ ವಯಸ್ಸಿನ ಮಕ್ಕಳಿದ್ದರೆ ಈ ವ್ಯತ್ಯಾಸವನ್ನು ಅವರಿಗೆ ತಿಳಿಸಿ ಹೇಳಬೇಕು.

ಅಲ್ಲಿ ಪಾಪವಿಲ್ಲವೆಂದು ನಾನು ಹೇಳುತ್ತಿಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಇಬ್ಬರು ವಿದ್ವಾಂಸರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟಾರ್ ಜಾಲದಲ್ಲಿ ಅವರಿಗೆ ಸಿಕ್ಕಿದ ಜೀವಂತ ತಾಣಗಳು 5,205. ಅವುಗಳಲ್ಲಿ ವಿಂಗಡಿಸಲು ಬಂದವು 2,723. ಕಾನೂನು ಬಾಹಿರವಾದವು 1,547. ಅರ್ಧಕ್ಕಿಂತ ಹೆಚ್ಚು ಕೆಟ್ಟದ್ದೇ, ನಿಜ. ಆದರೆ ಒಟ್ಟು ಮೊತ್ತವನ್ನು ನೋಡಿ: ಕೆಲವೇ ಸಾವಿರ. ಇದೇ ಆ ಮಂಜುಗಡ್ಡೆಯ ಪರ್ವತ!

ಅಲ್ಲಿ ಅಡಗಿದವನನ್ನು ಹಿಡಿಯಲಾಗದೆಂಬುದೂ ಒಂದು ಕಟ್ಟುಕತೆ. 2011ರಲ್ಲಿ ಆರಂಭವಾದ 'ಸಿಲ್ಕ್ ರೋಡ್' ಎಂಬ ಮಾದಕ ದ್ರವ್ಯದ ಸಂತೆಯ ಒಡೆಯ ರಾಸ್ ಉಲ್ಬ್ರಿಕ್ಟ್, 2013ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತಿದ್ದಾಗಲೇ ಸಿಕ್ಕಿಬಿದ್ದ. (2015ರಲ್ಲಿ ಜೀವಾವಧಿ ಶಿಕ್ಷೆಯಾಯಿತು, 2025ರ ಜನವರಿಯಲ್ಲಿ ಅಧ್ಯಕ್ಷರ ಕ್ಷಮಾದಾನ ದೊರೆಯಿತು. ಅದು ಬೇರೆಯೇ ಕತೆ.) ಆರಂಭದ ದಿನಗಳಲ್ಲಿ ತನ್ನ ಸ್ವಂತ ಮಿಂಚಂಚೆ ವಿಳಾಸವನ್ನು ಒಂದೆಡೆ ಬರೆದುಬಿಟ್ಟದ್ದೇ ಅವನ ಜಾಡು ಹಿಡಿಯಲು ನೆರವಾಯಿತು. 2017ರಲ್ಲಿ ಡಚ್ ಪೊಲೀಸರು 'ಹಾನ್ಸಾ' ಎಂಬ ಇನ್ನೊಂದು ಸಂತೆಯನ್ನು ವಶಪಡಿಸಿಕೊಂಡು, ಸುಮಾರು ಒಂದು ತಿಂಗಳ ಕಾಲ ತಾವೇ ಗಲ್ಲಾದ ಮೇಲೆ ಕುಳಿತು ಗಿರಾಕಿಗಳ ಹೆಸರು ಬರೆದುಕೊಂಡರು!

ಬಿಟ್‌ಕಾಯಿನ್ ನಾಣ್ಯದ ಗುಟ್ಟಿನ ಮಾತಂತೂ ಬ್ಯಾಂಕಿನವನಿಗೆ ನಗೆ ತರಿಸುತ್ತದೆ. ಅದರ ಪ್ರತಿಯೊಂದು ವರ್ಗಾವಣೆಯೂ ಎಲ್ಲರೂ ನೋಡಬಹುದಾದ ಲೆಡ್ಜರಿನಲ್ಲಿ ಅಳಿಸಲಾರದಂತೆ ದಾಖಲಾಗಿರುತ್ತದೆ. ಹೆಸರಿನ ಬದಲು ಸಂಖ್ಯೆ, ಅಷ್ಟೇ. ಸಿಲ್ಕ್ ರೋಡಿನಿಂದ 2012ರಲ್ಲಿ ಕದ್ದ 50,000ಕ್ಕೂ ಹೆಚ್ಚು ಬಿಟ್‌ಕಾಯಿನ್‌ಗಳು 2021ರ ನವೆಂಬರಿನಲ್ಲಿ ಅಮೆರಿಕದ ಅಧಿಕಾರಿಗಳ ಕೈಸೇರಿದವು. ಅವುಗಳಲ್ಲಿ ಒಂದು ಪಾಲಿನ ಕೀಲಿ ಸ್ನಾನದ ಮನೆಯ ಕಪಾಟಿನಲ್ಲಿ, ಪಾಪ್‌ಕಾರ್ನ್ ಡಬ್ಬಿಯೊಳಗೆ ಇತ್ತು. ಒಂಬತ್ತು ವರ್ಷದ ಹಳೆಯ ಕಳ್ಳತನವನ್ನು ನಮ್ಮ ಲೆಕ್ಕಪರಿಶೋಧಕರು ಇಷ್ಟು ಚೆನ್ನಾಗಿ ಪತ್ತೆಹಚ್ಚಿದ್ದನ್ನು ನಾನು ಕಾಣೆ.

ಹಾಗಾದರೆ ನಮಗೆ ಅಪಾಯವೇ ಇಲ್ಲವೇ? ಇದೆ. ಫಿನ್ಲೆಂಡಿನ ವಾಸ್ತಾಮೋ ಎಂಬ ಮನೋಚಿಕಿತ್ಸಾ ಸಂಸ್ಥೆಯಲ್ಲಿ ರೋಗಿಗಳು ವೈದ್ಯರೆದುರು ಹೇಳಿಕೊಂಡ ಅಂತರಂಗದ ಮಾತುಗಳೆಲ್ಲ ಕಳವಾಗಿ, 2020ರಲ್ಲಿ ಕಳ್ಳನು ಅವುಗಳನ್ನು ಕತ್ತಲ ಜಾಲದಲ್ಲಿ ಸ್ವಲ್ಪಸ್ವಲ್ಪವೇ ಹರಡುತ್ತ ಸಾವಿರಾರು ರೋಗಿಗಳಿಗೆ ನೇರವಾಗಿ ಬೆದರಿಕೆ ಪತ್ರ ಬರೆದ. 2024ರಲ್ಲಿ ಅಲ್ಲಿನ ನ್ಯಾಯಾಲಯ ಅವನಿಗೆ ಆರು ವರ್ಷ ಮೂರು ತಿಂಗಳ ಶಿಕ್ಷೆ ವಿಧಿಸಿತು. ಆ ರೋಗಿಗಳ ನೋವಿಗೆ ಯಾವ ಪರಿಹಾರವಿದೆ? ಆದರೂ ಗಮನಿಸಬೇಕು: ಕಳವು ನಡೆದದ್ದು ಸರಿಯಾಗಿ ಬೀಗ ಹಾಕದ ಸಂಸ್ಥೆಯ ದಫ್ತರಿನಲ್ಲಿ; ಕತ್ತಲ ಜಾಲ ಕದ್ದ ಮಾಲನ್ನು ಹರಡಿದ ಬೀದಿ ಮಾತ್ರ.

ನಮ್ಮಲ್ಲಿ ಆ ಬೀದಿಯೂ ಅನೇಕ ಸಲ ಬೇಕಾಗಿಲ್ಲ. 2023ರ ಮಾರ್ಚಿನಲ್ಲಿ ಹೈದರಾಬಾದಿನ ಸೈಬರಾಬಾದ್ ಪೊಲೀಸರು 16.8 ಕೋಟಿ ಜನರ ವಿವರಗಳನ್ನು ಮಾರುತ್ತಿದ್ದ ತಂಡವೊಂದನ್ನು ಹಿಡಿದರು. ಕಚೇರಿ ತೆರೆದು, ಹಾಡುಹಗಲಿನಲ್ಲಿ ಫೋನಿನ ಮೇಲೆಯೇ ನಡೆದಿದ್ದ ವ್ಯಾಪಾರವದು. ಆದುದರಿಂದ ಫೋನು ಮಾಡಿದವನು ನಿಮ್ಮ ಆಧಾರ್ ಸಂಖ್ಯೆ, ಜನ್ಮದಿನಾಂಕ, ಮನೆಯ ವಿಳಾಸಗಳನ್ನು ಪಟಪಟನೆ ಹೇಳಿದನೆಂದ ಮಾತ್ರಕ್ಕೆ ಅವನು ಪೊಲೀಸನಾಗುವುದಿಲ್ಲ. ನಿಮ್ಮ ವಿವರವನ್ನು ಕತ್ತಲ ಜಾಲದಿಂದ 'ಅಳಿಸಿಕೊಡುವೆ'ನೆಂದು ಶುಲ್ಕ ಕೇಳುವವನನ್ನೂ ನಂಬಬೇಡಿ. ಒಮ್ಮೆ ಹೊರಬಿದ್ದ ನಕಲುಗಳನ್ನು ಹಿಂದಕ್ಕೆ ಕರೆಯಲು ಯಾರಿಗೂ ಸಾಧ್ಯವಿಲ್ಲ. ಒಂದೇ ಗುಪ್ತಪದವನ್ನು ಎಲ್ಲೆಡೆ ಬಳಸುತ್ತಿದ್ದರೆ ಇಂದೇ ಬದಲಾಯಿಸಿ. ಆಧಾರಿನ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವನ್ನು ಆಧಾರ್ ಪ್ರಾಧಿಕಾರವೇ ಒದಗಿಸಿದೆ, ಅದನ್ನು ಉಪಯೋಗಿಸಿ. ವೀಡಿಯೊ ಕರೆಯಲ್ಲಿ ಬಂಧಿಸುವ 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಯಾವ ಕಾನೂನಿನಲ್ಲಿಯೂ ಇಲ್ಲವೆಂದು ಪ್ರಧಾನ ಮಂತ್ರಿಗಳೇ 2024ರ ಅಕ್ಟೋಬರ್ 27ರ ಬಾನುಲಿ ಭಾಷಣದಲ್ಲಿ ಹೇಳಿದ್ದಾರೆ. ಹಣ ಹೋಗಿಯೇ ಬಿಟ್ಟರೆ ನಾಚಿಕೆಪಡದೆ ಒಡನೆಯೇ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಬೇಕು. ಕಳ್ಳರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುವ ಮೊದಲು ತಡೆಹಿಡಿಯುವುದು ಗಂಟೆಗಳ ಮಾತು, ದಿನಗಳದಲ್ಲ. ಆ ಶಿಕ್ಷಕಿಯವರು ಮೂರು ದಿನ ಯಾರಿಗೂ ಹೇಳದೆ ಅಳುತ್ತ ಕುಳಿತಿದ್ದರು.

ನಮ್ಮ ಧಾರವಾಡದ ಹಿರಿಯರಿಗೆ ಅಂದು ಇಷ್ಟನ್ನೆಲ್ಲ ಹೇಳಲಿಲ್ಲ. ಚಹಾ ತರಿಸಿಕೊಟ್ಟೆ. ಅರ್ಧ ಕುಡಿದು ಕೇಳಿದರು: "ಹಂಗಾರ ನನ್ನ ಆಧಾರ ನಂಬರ ಅಲ್ಲೆ ಇಲ್ಲೇನ್ರಿ?"

"ಇದ್ದರೂ ಇರಬಹುದು ರಾಯರೇ. ನನ್ನದೂ ಇರಬಹುದು."

"ಮತ್ತ ನಿಮ್ಮನ್ನ ಯಾಕ ಹಿಡದಿಲ್ಲ?" ಎಂದವರೇ, ತಮ್ಮ ಮಾತಿಗೆ ತಾವೇ ಸ್ವಲ್ಪ ನಕ್ಕರು.

ಮನೆಯ ದೂರವಾಣಿ ಸಂಖ್ಯೆ ಪಡೆದು ನಾನೇ ಅವರ ಪತ್ನಿಗೆ ತಿಳಿಸಿದೆ. ಯಾರಿಗೂ ಹೇಳಕೂಡದೆಂಬ ಆಜ್ಞೆಯಿದ್ದುದರಿಂದ, ಎರಡು ಕೋಣೆಗಳ ಆ ಮನೆಯಲ್ಲಿ ಎರಡು ದಿನ ಅವರು ಹೆಂಡತಿಗೂ ಹೇಳಿರಲಿಲ್ಲ. ಒಂದು ಗಂಟೆಯೊಳಗೆ ಆ ತಾಯಿ ರಿಕ್ಷಾ ಮಾಡಿಕೊಂಡು ಬಂದರು. ಗಂಡನನ್ನು ಒಂದು ಮಾತೂ ಕೇಳಲಿಲ್ಲ. ಚೀಲದಿಂದ ರಕ್ತದೊತ್ತಡದ ಗುಳಿಗೆಯ ಪಟ್ಟಿ ತೆಗೆದು, "ಎರಡು ದಿನದ್ದೂ ಹಂಗ ಉಳದಾವ ನೋಡ್ರಿ," ಎಂದು ನನಗೆ ತೋರಿಸಿ, ಅಂದಿನ ಒಂದನ್ನು ಅವರ ಅಂಗೈಗೆ ಹಾಕಿದರು. ಅವರು ನೀರು ಕುಡಿಯುತ್ತಿದ್ದಾಗ ಮೇಜಿನ ಮೇಲಿದ್ದ ಮೂರು ರಸೀದಿಗಳನ್ನೂ ಎಣಿಸಿ ತಮ್ಮ ಚೀಲದಲ್ಲಿ ಇಟ್ಟುಕೊಂಡರು.