ಗುಂಡಿಲ್ಲದ ಗರಡಿ

ಜೆ.ಸಿ. ರಸ್ತೆಯಲ್ಲಿ ಕೆ.ವಿ. ಅಯ್ಯರ್ ಅವರು ವ್ಯಾಯಾಮಶಾಲೆ ನಡೆಸುತ್ತಿದ್ದ ಕಾಲದಲ್ಲಿ ಬೆಂಗಳೂರಿನ ತರುಣರು ಮೈಕಟ್ಟಿಗಾಗಿ ಕಬ್ಬಿಣದ ಗುಂಡುಗಳನ್ನು ಎತ್ತುತ್ತಿದ್ದರು. (‘ಶಾಂತಲಾ’ ಕಾದಂಬರಿಯನ್ನು ಬರೆದವರೂ ಇದೇ ಅಯ್ಯರ್.) ಅಲ್ಲಿಂದ ಅನತಿದೂರದ ಚಾಮರಾಜಪೇಟೆಯಲ್ಲಿ ಚಿಕಿತ್ಸಾಲಯವನ್ನಿಟ್ಟಿರುವ ಫಿಸಿಯೋಥೆರಪಿಸ್ಟ್ ಮಿತ್ರರೊಬ್ಬರು ಈಚೆಗೆ ಗುಂಡುಗಳೇ ಇಲ್ಲದ ಯಂತ್ರವೊಂದನ್ನು ಕೊಳ್ಳಲೆಣಿಸಿ ನನ್ನ ಸಲಹೆ ಕೇಳಿದರು. ಬೆಲೆ ಲಕ್ಷಗಳಲ್ಲಿ, ಆಯ್ಕೆ ತಪ್ಪಿದರೆ ನೋಯುವುದು ರೋಗಿಯ ಮೊಣಕಾಲು.

ಯಂತ್ರದ ಹೆಸರು ರಿಫಾರ್ಮರ್. ಉದ್ದನೆಯ ಚೌಕಟ್ಟು, ಅದರ ಹಳಿಗಳ ಮೇಲೆ ಜಾರುವ ಹಾಸು, ಹಾಸನ್ನು ಒಂದು ತುದಿಗೆ ಬಿಗಿದಿರುವ ನಾಲ್ಕೈದು ಸ್ಪ್ರಿಂಗುಗಳು, ಇಷ್ಟೇ. ಇದರ ಮೂಲಪುರುಷ ಜರ್ಮನಿಯಲ್ಲಿ 1883ರಲ್ಲಿ ಹುಟ್ಟಿದ ಜೋಸೆಫ್ ಪಿಲಾಟೀಸ್. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಸೆರೆಯಿಟ್ಟಿದ್ದಾಗ, ಹಾಸಿಗೆ ಹಿಡಿದವರ ಮಂಚಗಳಿಗೆ ಸ್ಪ್ರಿಂಗು ಕಟ್ಟಿ ಆತ ವ್ಯಾಯಾಮ ಮಾಡಿಸಿದನೆಂದು ಹೇಳುವುದುಂಟು.

ಗುಂಡಿಗೂ ಸ್ಪ್ರಿಂಗಿಗೂ ಇರುವ ಭೇದವನ್ನು ಹೂಕನ ನಿಯಮ ತಿಳಿಸುತ್ತದೆ. 10 ಕಿಲೋಗ್ರಾಂ ಗುಂಡು ಮಂಡಿಯೆತ್ತರದಲ್ಲಿದ್ದರೂ ಭುಜದೆತ್ತರದಲ್ಲಿದ್ದರೂ 10 ಕಿಲೋಗ್ರಾಮೇ. ಸ್ಪ್ರಿಂಗಾದರೋ ಹಿಗ್ಗಿದಷ್ಟೂ ಬಲವಾಗಿ ಎಳೆಯುತ್ತದೆ. 10 ಸೆಂ.ಮೀ. ಹಿಗ್ಗಲು 20 ನ್ಯೂಟನ್ ಬಲ ಬೇಕಾದರೆ, 30 ಸೆಂ.ಮೀ.ಗೆ 60, ಅಂಥವೆರಡನ್ನು ಪಕ್ಕಪಕ್ಕದಲ್ಲಿ ಸಿಕ್ಕಿಸಿದರೆ 120. ರೋಗಿ ಮಲಗಿಯೇ ಒದೆಯುವುದರಿಂದ ದೇಹದ ತೂಕವೆಲ್ಲ ಕಾಲಿನ ಮೇಲೆ ಬೀಳದು. ಶಸ್ತ್ರಚಿಕಿತ್ಸೆಯಾದ ಮೊಣಕಾಲು ಮಡಿಚಿರುವಾಗ ಹೊರೆ ಕಡಿಮೆ, ನೀಳವಾದಂತೆ ಹೆಚ್ಚು. ಚಿಕಿತ್ಸೆಗೆ ಇದು ಎಷ್ಟು ಅನುಕೂಲವೆಂಬುದನ್ನು ವಾಚಕರೇ ಊಹಿಸಬಹುದು.

ಆದುದರಿಂದ ಮರದ ಹೊಳಪನ್ನು ಬಿಟ್ಟು ಸ್ಪ್ರಿಂಗನ್ನು ಪರೀಕ್ಷಿಸಿರೆಂದೆ. ಬಣ್ಣವನ್ನು ನಂಬಲಾಗದು, ಒಬ್ಬ ತಯಾರಕನ ಕೆಂಪು ಇನ್ನೊಬ್ಬನ ಕೆಂಪಿಗೆ ಸಮನಲ್ಲ. ಬಳಸಿದ ಯಂತ್ರ ಅಗ್ಗವಾಗಿ ಸಿಕ್ಕೀತು, ಆದರೆ ಎಳೆಯದೆ ಬಿಟ್ಟಾಗಲೂ ಸುರುಳಿಗಳ ನಡುವೆ ಸಂದು ಕಂಡರೆ ಆ ಸ್ಪ್ರಿಂಗು ಸ್ಥಿತಿಸ್ಥಾಪಕತೆಯ ಎಲ್ಲೆ ಮೀರಿ ಹಿಗ್ಗಿದೆಯೆಂದೇ ಅರ್ಥ. ಎರಡು ಕಾಲುಗಳಿಗೂ ಬೇರೆಬೇರೆ ಸ್ಪ್ರಿಂಗುಗಳಿರುವ ಟ್ರಪೀಜ್ ಮೇಜಿನಲ್ಲಿ ಈ ದೋಷ ಇನ್ನೂ ಕೆಟ್ಟದ್ದು: ಒಂದು ಸಡಿಲವಾಗಿದ್ದರೆ, ದುರ್ಬಲವಾದ ಕಾಲೇ ಚೇತರಿಸಿಕೊಂಡಿತೆಂದು ವೈದ್ಯರು ಭ್ರಮಿಸಬಹುದು. ಸಾಮಾನು ತೂಗುವ ಕೊಕ್ಕೆಯ ತಕ್ಕಡಿಯಿಂದ ಎರಡನ್ನೂ ಒಂದೇ ದೂರಕ್ಕೆಳೆದು ನೋಡಿದರೆ ಐದು ನಿಮಿಷದಲ್ಲಿ ನಿಜ ತಿಳಿಯುತ್ತದೆ.

ಎತ್ತರವೂ ಮುಖ್ಯ. ಗಾಲಿಕುರ್ಚಿಯ ಆಸನ ನೆಲದಿಂದ ಸುಮಾರು ಅರ್ಧ ಮೀಟರ್. ಹಾಸೂ ಅದೇ ಮಟ್ಟದಲ್ಲಿದ್ದರೆ ರೋಗಿ ಸುಲಭವಾಗಿ ಜರುಗಿ ಕುಳಿತುಕೊಳ್ಳುತ್ತಾನೆ. ತರುಣರ ವ್ಯಾಯಾಮಕೇಂದ್ರಕ್ಕೆ ತಗ್ಗಾದ ಯಂತ್ರವೇ ಸಾಕು.

ಕೊನೆಗೆ ಉಳಿದದ್ದು ಬಾಗಿಲು. ಹಳೆಯ ಮನೆಯ ಸೂರು ಎತ್ತರವಾಗಿದ್ದರೇನು, ಎರಡೂವರೆ ಮೀಟರಿನಷ್ಟುದ್ದದ ಚೌಕಟ್ಟು ಓಣಿಯಂಥ ಪಡಸಾಲೆಯಲ್ಲಿ ತಿರುಗಬೇಕಲ್ಲ! ಮಿತ್ರರು ಈಗ ಟೇಪು ಹಿಡಿದು ಹೊಸ್ತಿಲ ಬಳಿ ನಿಂತಿದ್ದಾರೆ.